ಬೋನಿನ ಹಾವು ಸೊರಗಿದ್ದೇಕೆ?

ಸಾರಕ್ಕಿ ಕೆರೆಯ ಏರಿಯ ಮೇಲೆ ಎಂದಾದರೂ ನಡೆದಿದ್ದೀರಾ? ಇಂಥ ಕೆರೆಯಂಚಿನಲ್ಲಿ ಬಸವನಹುಳು, ಕಪ್ಪೆ, ಕೇರೆಹಾವುಗಳ ಬದುಕು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಹಾವುಗಳ ರೋಗದ ಚರಿತ್ರೆಯನ್ನು ಅರಿಯಲು ಈ ನಂಟನ್ನು ನೆನಪಿಡಿ.

ಹಾವಿಗೆ ಮೂತ್ರಕೋಶವಿಲ್ಲ. ಉದ್ದನೆಯ ಎರಡು ಮೂತ್ರಪಿಂಡಗಳು ಒಂದರ ಹಿಂದೊಂದು ಇರುತ್ತವೆ, ಬಲಭಾಗದ್ದು ಮುಂದೆ. ರಕ್ತದಿಂದ ಅವು ಸೋಸಿ ತೆಗೆಯುವ ಯೂರಿಕ್ ಆಮ್ಲ ಬಿಳಿಯ ಮುದ್ದೆಯಾಗಿ ಹೊರಬೀಳುತ್ತದೆ. ಮೂತ್ರಪಿಂಡ ಕೆಟ್ಟರೆ ಅದೇ ಆಮ್ಲ ಕೀಲುಗಳಲ್ಲೂ ಒಳಾಂಗಗಳಲ್ಲೂ ಹರಳುಗಟ್ಟುತ್ತದೆ.

ಸ್ಟೈಫ್ಲೊಡೋರಾ ಕುಲದ ಚಪ್ಪಟೆಹುಳುಗಳು ಹಾವಿನ ಮೂತ್ರನಾಳದಲ್ಲಿ ನೆಲೆಸುತ್ತವೆ. ಆದರೆ ಚಪ್ಪಟೆಹುಳುವಿನ ಮರಿ ಬೆಳೆಯಲು ಮೊದಲು ಬಸವನಹುಳುವಿನಂಥ ಆಶ್ರಯ ಬೇಕು. ಬೋನಿನಲ್ಲಿ ಅದು ಸಿಗದು. ಆದ್ದರಿಂದ ಅಲ್ಲಿ ಈ ಹುಳು ಹಾವಿನಿಂದ ಹಾವಿಗೆ ಹರಡಲಾರದು.

ಹಾಗಾದರೆ ಬೋನಿನ ಹಾವು ಸುರಕ್ಷಿತವೇ? ಇಲ್ಲ. 1934ರಲ್ಲಿ ಬೆಲ್ಜಿಯಂನ ರೋಡೇನ್ ಎಂಬ ವಿಜ್ಞಾನಿ ಹಾವುಗಳಲ್ಲಿದ್ದ ಒಂದು ಅಮೀಬಾಕ್ಕೆ ಎಂಟಮೀಬಾ ಇನ್ವೇಡೆನ್ಸ್ ಎಂದು ಹೆಸರಿಟ್ಟರು. ಅದೇ ದಶಕದಲ್ಲಿ ಅಮೆರಿಕದ ಗೈಮನ್ ಮತ್ತು ರ್‍ಯಾಟ್‌ಕ್ಲಿಫ್ ಅದರ ಜೀವನಚಕ್ರವನ್ನು ವಿವರಿಸಿದರು. ಈ ಅಮೀಬಾಕ್ಕೆ ನಡುವಿನ ಆಶ್ರಯವೇ ಬೇಡ. ಮಲದಲ್ಲಿ ಹೊರಬಂದ ಅದರ ಕೋಶ ನೀರಿನ ಬಟ್ಟಲನ್ನು ಸೇರಿದರೆ ಸಾಕು, ಮುಂದಿನ ಹಾವಿನ ಕರುಳನ್ನು ಹೊಕ್ಕೀತು. ಕರುಳನ್ನು ಕೊರೆದು, ರಕ್ತದ ಮೂಲಕ ಯಕೃತ್ತಿಗೂ ಕೆಲವೊಮ್ಮೆ ಮೂತ್ರಪಿಂಡಕ್ಕೂ ದಾಳಿಯಿಡುತ್ತದೆ. ಆಮೆಗಳು ಎಷ್ಟೋ ಸಲ ರೋಗದ ಲಕ್ಷಣವನ್ನೇ ತೋರದೆ ಇದನ್ನು ಹೊತ್ತಿರುತ್ತವೆ, ಹಾವುಗಳು ಸಾಯುತ್ತವೆ. ಆಮೆ, ಹಾವುಗಳನ್ನು ಒಟ್ಟಿಗೆ ಇಡಬಾರದು ಎಂಬ ನಿಯಮಕ್ಕೆ ಇದೇ ಕಾರಣ.

ಉಷ್ಣತೆಯ ಪಾತ್ರವೂ ಇದೆ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೋಂಕು ತಗುಲಿದ ಹಾವುಗಳು ಸತ್ತರೆ, ಹೆಚ್ಚು ಬೆಚ್ಚಗಿಟ್ಟವು ಉಳಿದುಕೊಂಡವು ಎಂದು 1961ರಲ್ಲಿ ಮೀರೋವಿಚ್ ತೋರಿಸಿದರು. ಬಿಸಿಲಿಗೆ ಬಂದು ಮೈ ಕಾಯಿಸಿಕೊಳ್ಳುವುದು ಹಾವಿಗೆ ಸೋಮಾರಿತನವಲ್ಲ, ರಕ್ಷಣೆ ಎಂಬುದನ್ನು ಗಮನಿಸಿ. ಬೋನು ಆ ಸ್ವಾತಂತ್ರ್ಯವನ್ನೇ ಕಸಿಯುತ್ತದೆ.

ನಮ್ಮ ನೆರೆಯಲ್ಲೇ ಇನ್ನೊಂದು ದಾರಿ ಕಂಡುಬಂತು. ತಮಿಳುನಾಡಿನ ವಡನೆಮ್ಮೇಲಿಯಲ್ಲಿ 1978ರಲ್ಲಿ ಆರಂಭವಾದ ಇರುಳರ ಸಹಕಾರ ಸಂಘವು ಹಾವುಗಳನ್ನು ಕೆಲವೇ ವಾರ ಮಡಕೆಗಳಲ್ಲಿಟ್ಟು, ವಿಷ ತೆಗೆದು, ಮರಳಿ ಬಿಡುವ ಪದ್ಧತಿಯನ್ನು ರೂಢಿಸಿತು. ಹಾವು ಕಡಿತದ ಮದ್ದಿಗೆ ವಿಷ ಬೇಕು; ಅದಕ್ಕಾಗಿ ಹಾವು ಜೀವನಪರ್ಯಂತ ಸೆರೆಯಲ್ಲಿರಬೇಕಿಲ್ಲ.

ನಿಮ್ಮ ಮನೆಗೆ ಹಾವು ಬಂದರೆ ಹಿಡಿದು ಡಬ್ಬಿಯಲ್ಲಿಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ. ಹಿಡಿದವರು ಅದನ್ನು ಬೇರೆ ಹಾವುಗಳೊಡನೆ ಒಂದೇ ಚೀಲದಲ್ಲಿ ತುಂಬಿದರೆ ‘ಹಾಗೇಕೆ?’ ಎಂದು ಕೇಳಿ. ನಿಮ್ಮ ಆ ಒಂದು ಪ್ರಶ್ನೆಯಿಂದ ಹಲವು ಜೀವಗಳು ಉಳಿಯಬಹುದು.