ಕೊಂಡೋಜನ ಕತ್ತಿಯಿಂದ ಅರ್ಧ ಬ್ಲೇಡಿನವರೆಗೆ

ಕಳೆದ ವರ್ಷ ಹಬ್ಬದ ಹಿಂದಿನ ದಿನ, ಆನ್‌ಲೈನ್‌ನಲ್ಲಿ ತರಿಸಿದ ಮಡಚುವ ಕತ್ತಿ ಹಿಡಿದು ನಾನೇ ಗಡ್ಡ ಬೋಳಿಸಿಕೊಳ್ಳಲು ಕೂತೆ. ಮೊಬೈಲ್‌ನಲ್ಲಿ ವಿಡಿಯೊ ನೋಡಿದ್ದೆ, ಸುಲಭ ಅನ್ನಿಸಿತ್ತು. ಗದ್ದದ ಕೆಳಗೆ ಎರಡು ಕಡೆ ಕೊಯ್ದುಕೊಂಡೆ. ಮರುದಿನ ಕುತ್ತಿಗೆ ತುಂಬಾ ಕೆಂಪು ಗುಳ್ಳೆ. ಅದೇ ವಾರ ವರದಿಗೆಂದು ಹೊನ್ನಾಳಿಗೆ ಹೋದಾಗ, ನಲವತ್ತು ವರ್ಷದಿಂದ ಕ್ಷೌರದಂಗಡಿ ನಡೆಸುತ್ತಿರುವ ಅಜ್ಜ ಒಬ್ಬರು ನನ್ನ ಕುತ್ತಿಗೆ ನೋಡಿ ನಕ್ಕರು. “ತಮ್ಮಾ, ಕತ್ತಿ ತಗಂಡೀಯ, ಕೈ ಎಲ್ಲಿಂದ ತರ್ತೀಯ?” ಅಂದರು.

ಆ ಕೈಯ ಚರಿತ್ರೆ ಹುಡುಕುತ್ತಾ ಹೋದರೆ ನಮ್ಮ ಸೀಮೆಯ ಕಲ್ಲುಗಳೇ ಸಿಗುತ್ತವೆ.

ವಿಜಯನಗರದ ಸದಾಶಿವರಾಯ 1542ರಲ್ಲಿ ಪಟ್ಟಕ್ಕೆ ಬಂದರೂ ಆಡಳಿತ ಇದ್ದದ್ದು ಅಳಿಯ ರಾಮರಾಯನ ಕೈಯಲ್ಲಿ. ಕ್ಷೌರಿಕ ಕೊಂಡೋಜ ಈ ರಾಮರಾಯನನ್ನು ಮೆಚ್ಚಿಸಿ, ತನ್ನ ಕುಲಕಸುಬಿನವರ ಮೇಲಿದ್ದ ತೆರಿಗೆ ಮತ್ತು ಬಿಟ್ಟಿ ಕೆಲಸವನ್ನು ಮಾಫಿ ಮಾಡಿಸಿದ. ಈ ಸುದ್ದಿಯನ್ನು ಹೇಳುವ ಶಾಸನಗಳು ಬಾದಾಮಿಯಲ್ಲಿವೆ, ಹಳೇ ಚಿತ್ರದುರ್ಗ ಜಿಲ್ಲೆಯಲ್ಲೂ ಇವೆ. ನಮ್ಮ ಜಗಳೂರು 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಅದೇ ಚಿತ್ರದುರ್ಗಕ್ಕೆ ಸೇರಿತ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಆಗ ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಆಮೇಲೆ ತಾಲ್ಲೂಕಾಯಿತು.

ತನಗಾಗಿ ಹೊಲವನ್ನೋ ಹೊನ್ನನ್ನೋ ಕೇಳಬಹುದಾಗಿದ್ದವನು ತನ್ನವರೆಲ್ಲರ ತೆರಿಗೆ ಬಿಡಿಸಿದ್ದಾನೆ. ರಾಜ್ಯ ಆಳುವವನು ದಿನವೂ ಕಣ್ಣು ಮುಚ್ಚಿ ಕುತ್ತಿಗೆ ಒಡ್ಡುತ್ತಿದ್ದದ್ದು ಇಂಥವರ ಕತ್ತಿಗೆ. ಆ ನಂಬಿಕೆಯ ಬೆಲೆ ಕೊಂಡೋಜನಿಗೆ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಅದಕ್ಕೂ ನಾಲ್ಕು ನೂರು ವರ್ಷ ಹಿಂದೆ, ಬಸವಣ್ಣನವರ ಆಪ್ತರಾಗಿದ್ದ ಶರಣ ಹಡಪದ ಅಪ್ಪಣ್ಣ. ಹಡಪ ಅಂದರೆ ಎಲೆ ಅಡಿಕೆಯ ಚೀಲ. ಕ್ಷೌರದ ಸಾಮಾನು ಇಡುವ ಚೀಲಕ್ಕೂ ಅದೇ ಹೆಸರು. ಅಪ್ಪಣ್ಣನವರೂ ಅವರ ಹೆಂಡತಿ ಲಿಂಗಮ್ಮನವರೂ ವಚನ ಬರೆದವರು. ಹಡಪದ ಸಮಾಜ ಇವತ್ತಿಗೂ ಅವರನ್ನು ತನ್ನ ಹಿರಿಯರೆಂದು ಪೂಜಿಸುತ್ತದೆ.

ಹಳ್ಳಿಯಲ್ಲಿ ಕ್ಷೌರಿಕರು ಆಯಗಾರರಲ್ಲಿ ಒಬ್ಬರು. ಗೌಡ, ಶಾನುಭೋಗ, ತಳವಾರ, ಕುಂಬಾರ, ಅಗಸ ಇವರ ಜತೆ ಹನ್ನೆರಡು ಜನರ ಪಟ್ಟಿಯಲ್ಲಿ ಅವರ ಹೆಸರೂ ಇರುತ್ತಿತ್ತು. ವರ್ಷವಿಡೀ ಮನೆ ಮನೆಗೆ ಹೋಗಿ ಕ್ಷೌರ ಮಾಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ಪಡೆಯುವುದು. ಗಾಯ ಮಾಡಿದರೆ ಆ ಮನೆಯವರಿಗೆ ಮತ್ತೆ ಮುಖ ತೋರಿಸಲೇಬೇಕು. ಹಾಗಾಗಿ ಕೈ ಪಳಗದೆ ಗತಿ ಇರಲಿಲ್ಲ.

ಆ ಪಳಗಿದ ಕೈ ಏನು ಮಾಡುತ್ತಿತ್ತು? ಅಜ್ಜ ಅಂಗಡಿಯಲ್ಲೇ ಕೂರಿಸಿ ಒಂದೊಂದಾಗಿ ತೋರಿಸಿದರು.

ಮೊದಲು ನೀರು. ಒಣ ಗಡ್ಡದ ಕೂದಲು ಗಡುಸು. ಬಿಸಿನೀರಿನ ಬಟ್ಟೆಯನ್ನು ಎರಡು ಮೂರು ನಿಮಿಷ ಇಟ್ಟರೆ ಕೂದಲು ನೀರು ಕುಡಿದು ಮೆತ್ತಗಾಗುತ್ತದೆ, ಕತ್ತಿಗೆ ಬಲ ಬೇಕಾಗುವುದಿಲ್ಲ. ಆಮೇಲೆ ಬ್ರಷ್‌ನಲ್ಲಿ ಸೋಪಿನ ನೊರೆ. ಗಡಸು ನೀರಿನಲ್ಲಿ ನೊರೆ ಸರಿಯಾಗಿ ಏಳುವುದಿಲ್ಲ, ಜಗಳೂರು ಕಡೆ ಬೋರ್‌ವೆಲ್ ನೀರು ಬಳಸುವವರಿಗೆ ಇದು ಗೊತ್ತು. ನೊರೆ ತೆಳುವಾದರೆ ಉರಿ ಖಚಿತ. ಹಿಡಿದಿಟ್ಟ ಮಳೆನೀರಿದ್ದರೆ ಅದನ್ನು ಕಾಯಿಸಿಕೊಳ್ಳಿ.

ಎರಡನೆಯದು ಅಲಗು. ಹಳೆಯ ಕತ್ತಿಯನ್ನು ಆಗಾಗ ಸಾಣೆಕಲ್ಲಿನ ಮೇಲೆ ಮಸೆದು, ಪ್ರತಿ ಕ್ಷೌರಕ್ಕೂ ಮುಂಚೆ ಚರ್ಮದ ಪಟ್ಟಿಗೆ ತೀಡುತ್ತಿದ್ದರು. ಮೊಂಡು ಕತ್ತಿ ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತದೆ. ಆಗ ನಾವು ಕೈ ಒತ್ತುತ್ತೇವೆ, ಚರ್ಮ ಕೊಯ್ಯುತ್ತದೆ. ಹರಿತವಾದ ಕತ್ತಿಗಿಂತ ಮೊಂಡು ಕತ್ತಿಯೇ ಹೆಚ್ಚು ಗಾಯ ಮಾಡುವುದು ಇದಕ್ಕೇ.

ಮೂರನೆಯದು ಓರೆ. ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರಬೇಕು. ಹೆಚ್ಚು ಎತ್ತಿದರೆ ಕೊಯ್ಯುತ್ತದೆ, ಪೂರ್ತಿ ಮಲಗಿಸಿದರೆ ಕೂದಲು ಎಳೆಯುತ್ತದೆ. ಇನ್ನೊಂದು ಕೈಯಲ್ಲಿ ಚರ್ಮ ಬಿಗಿ ಹಿಡಿಯಬೇಕು. ಕೂದಲು ಬೆಳೆದ ದಿಕ್ಕಿನಲ್ಲೇ ಮೊದಲ ಸಲ ಎಳೆಯಬೇಕು. ಕುತ್ತಿಗೆಯಲ್ಲಿ ಕೂದಲ ದಿಕ್ಕು ಒಂದೊಂದು ಕಡೆ ಒಂದೊಂದು ಥರ, ಬೆರಳಲ್ಲಿ ಸವರಿ ನೋಡಬೇಕು. ನಾನು ಕೆಳಗಿಂದ ಮೇಲಕ್ಕೆ ಎಳೆದಿದ್ದೆ, ಗುಳ್ಳೆಗೆ ಅದೇ ಕಾರಣ. ಎದುರು ದಿಕ್ಕಿನಲ್ಲಿ ಎಳೆದಾಗ ಕೂದಲು ತೀರಾ ಬುಡಕ್ಕೆ ತುಂಡಾಗಿ, ಚರ್ಮದೊಳಗೇ ಸುರುಳಿಯಾಗಿ ಬೆಳೆದು ಊದಿಕೊಳ್ಳುತ್ತದೆ. ಗುಂಗುರು ಕೂದಲಿನವರಿಗೆ ಇದು ಇನ್ನೂ ಜಾಸ್ತಿ.

ಕೊನೆಗೆ ತಣ್ಣೀರು, ಪಟಿಕ. ಪಟಿಕ ಚರ್ಮವನ್ನು ಬಿಗಿ ಮಾಡಿ ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ. ಆದರೆ ರೋಗಾಣು ಸಾಯಿಸುವ ಔಷಧಿ ಅದಲ್ಲ. ಒಂದೇ ಪಟಿಕದ ತುಂಡನ್ನು ಹತ್ತು ಮುಖಕ್ಕೆ ಉಜ್ಜುವುದು ತಪ್ಪು.

ಈ ವಿದ್ಯೆಗೆ ಮೊದಲ ಪೆಟ್ಟು ಅಮೆರಿಕದಿಂದ ಬಂತು. ಕಿಂಗ್ ಕ್ಯಾಂಪ್ ಜಿಲೆಟ್ ಎಂಬುವವರು ಬಳಸಿ ಬಿಸಾಡುವ ಬ್ಲೇಡಿನ ರೇಜರನ್ನು 1903ರಲ್ಲಿ ಮಾರುಕಟ್ಟೆಗೆ ತಂದರು. ಮಸೆಯುವ ಕೆಲಸ ತಪ್ಪಿತು, ಯಾರು ಬೇಕಾದರೂ ಮನೆಯಲ್ಲೇ ಬೋಳಿಸಿಕೊಳ್ಳುವಂತಾಯಿತು. ಆದರೂ ನಮ್ಮ ಕಡೆಯ ಅಂಗಡಿಗಳಲ್ಲಿ ಹಳೆಯ ಕತ್ತಿ ಬಹುಕಾಲ ಉಳಿಯಿತು.

ಅದನ್ನು ಪೂರ್ತಿ ಓಡಿಸಿದ್ದು ರೋಗದ ಭಯ. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದವು. ಆಮೇಲಿನ ವರ್ಷಗಳಲ್ಲಿ ಕ್ಷೌರಕ್ಕೆ ಹೊಸ ಬ್ಲೇಡ್ ಬಳಸಿ ಎಂಬ ಮಾತು ಊರೂರಿಗೆ ಮುಟ್ಟಿತು. ನಿಜ ಹೇಳಬೇಕೆಂದರೆ ಕತ್ತಿಯಿಂದ ಹೆಚ್ಚು ಅಪಾಯ ಇರುವುದು ಹೆಪಟೈಟಿಸ್ ಬಿ ಕಾಮಾಲೆಯಿಂದ. ಆ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಹೀಗೆ ಬಂದದ್ದು ಬ್ಲೇಡನ್ನು ಮುರಿದು ಅರ್ಧ ಸಿಕ್ಕಿಸುವ ಈಗಿನ ಕತ್ತಿ. ನಿಮ್ಮ ಕಣ್ಣೆದುರೇ ಹೊಸ ಬ್ಲೇಡ್ ಮುರಿಯಲಿ ಅಂತ ಕೇಳುವುದಕ್ಕೆ ನಾಚಿಕೆ ಬೇಡ.

ಅಜ್ಜ ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ನಿಂತಿದೆ. “ಗಾಯ ಆಗದಂಗೆ ಮಾಡ್ತಿದ್ವಿ. ಆದ್ರೂ ಬೆಳಿಗ್ಗೆ ಎದುರು ಬಂದ್ರೆ ಅಪಶಕುನ ಅಂತಿದ್ರು.” ಕುತ್ತಿಗೆ ಒಪ್ಪಿಸಿದವರೇ ಆ ಕಸುಬಿನ ಹೆಸರನ್ನು ಬೈಗುಳ ಮಾಡಿಕೊಂಡೆವು. ಇನ್ನೊಂದು ಗಾಯವೂ ಉಂಟು. ದಲಿತರಿಗೆ ಈ ಕುರ್ಚಿಯಲ್ಲಿ ಜಾಗವಿಲ್ಲ ಎಂದು ಊರಿನ ಬಲಾಢ್ಯರು ಕಟ್ಟಳೆ ಮಾಡಿದ್ದರು. 1955ರ ಕಾಯ್ದೆಯೇ ಅದನ್ನು ಅಪರಾಧ ಅಂದಿದೆ. ಆದರೂ ಅಂಥ ಸುದ್ದಿ ರಾಜ್ಯದ ಯಾವುದಾದರೂ ಮೂಲೆಯಿಂದ ಇನ್ನೂ ಬರುತ್ತಲೇ ಇರುತ್ತದೆ.

2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದಾಗ, ಸರ್ಕಾರ ರಾಜ್ಯದ 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ಕೊಂಡೋಜನ ಕಾಲದ ತೆರಿಗೆ ಮಾಫಿ ನೆನಪಾಯಿತು. ಆದರೆ ಕೊಂಡೋಜ ಮಾಫಿಯನ್ನು ಕಲ್ಲಿನಲ್ಲಿ ಬರೆಸಿದ್ದ. ಇದು ಒಂದೇ ಸಲದ ನೆರವು.

ನನ್ನ ಮಡಚುವ ಕತ್ತಿ ಈಗ ಡಬ್ಬಿಯಲ್ಲಿದೆ. ಹದಿನೈದು ದಿನಕ್ಕೊಮ್ಮೆ ಅಜ್ಜನ ಅಂಗಡಿಗೆ ಹೋಗುತ್ತೇನೆ. ಬಿಸಿ ಬಟ್ಟೆ ಇಟ್ಟು ಅವರು ಬ್ಲೇಡ್ ಮುರಿಯುವ ಸದ್ದು ಕೇಳಿ ಕಣ್ಣು ಮುಚ್ಚುತ್ತೇನೆ. ಅಲ್ಲಿ ಇಲ್ಲಿಯವರೆಗೆ ಒಂದು ಸಲವೂ ರಕ್ತ ಬಂದಿಲ್ಲ.