ಅಲೆಗಳನ್ನು ಬಿಡಿಸಿ ನೋಡಿದವರು

1858ರ ಆಗಸ್ಟ್ 16ರಂದು ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬ್ಯುಕ್ಯಾನನ್‌ಗೆ ಕಳಿಸಿದ ತಂತಿ ಸಂದೇಶದಲ್ಲಿ ನೂರು ಪದಗಳೂ ಇರಲಿಲ್ಲ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಆಗಷ್ಟೇ ಹಾಸಿದ್ದ ಕೇಬಲ್ ಮೂಲಕ ಅದು ಆಚೆ ದಡ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು. ಐರ್ಲೆಂಡಿನ ತುದಿಯಲ್ಲಿ ಚಕ್ಕನೆ ಒತ್ತಿ ಬಿಟ್ಟ ವಿದ್ಯುತ್ ಮಿಡಿತ ನ್ಯೂಫೌಂಡ್‌ಲೆಂಡಿನ ತುದಿಯಲ್ಲಿ ಮೆಲ್ಲಗೆ ಏರಿ, ಇನ್ನೂ ಮೆಲ್ಲಗೆ ಇಳಿಯುವ ಮಂಕು ಉಬ್ಬಾಗಿ ಬರುತ್ತಿತ್ತು. ಅದರ ಬಾಲ ಮುಗಿಯುವ ಮೊದಲೇ ಇನ್ನೊಂದನ್ನು ಕಳಿಸಿದರೆ ಎರಡೂ ಕಲಸಿಹೋಗುತ್ತಿದ್ದವು. ಕೇಬಲ್ ಕಂಪನಿಯ ವಿದ್ಯುತ್ ಉಸ್ತುವಾರಿ ಹೊತ್ತಿದ್ದ ವೈಲ್ಡ್‌ಮನ್ ವೈಟ್‌ಹೌಸ್ ವೃತ್ತಿಯಿಂದ ವೈದ್ಯ. ಒತ್ತಡ ಹೆಚ್ಚಿಸಿದರೆ ಸಂದೇಶ ಚುರುಕಾಗುತ್ತದೆಂದು ನಂಬಿದ ಆತ ಸುಮಾರು 2,000 ವೋಲ್ಟ್ ಹರಿಸಿದ. ಕೆಲವೇ ವಾರಗಳಲ್ಲಿ ಕೇಬಲ್ ಸತ್ತುಹೋಯಿತು.

ಒತ್ತಡದಿಂದ ಇದು ಬಗೆಹರಿಯುವುದಿಲ್ಲವೆಂದು ಗ್ಲಾಸ್ಗೋದ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಕೆಲವು ವರ್ಷ ಮೊದಲೇ ಲೆಕ್ಕ ಹಾಕಿದ್ದರು. ಕೇಬಲ್ಲಿನ ಉದ್ದ ಇಮ್ಮಡಿಯಾದರೆ ವಿಳಂಬ ನಾಲ್ಕು ಪಟ್ಟಾಗುತ್ತದೆ ಎಂಬುದು ಅವರ ಲೆಕ್ಕ. ಕೇಬಲ್ಲಿನಲ್ಲಿ ವಿದ್ಯುತ್ತು ಹರಡುವುದಕ್ಕೂ ಲೋಹದ ಸರಳಿನಲ್ಲಿ ಶಾಖ ಹರಡುವುದಕ್ಕೂ ಒಂದೇ ಸಮೀಕರಣ. ಆ ಸಮೀಕರಣ ಅವರಿಗೆ ಸಿಕ್ಕಿದ್ದು 15ರ ಹರೆಯದಲ್ಲಿ ಓದಿದ್ದ ಒಂದು ಫ್ರೆಂಚ್ ಪುಸ್ತಕದಲ್ಲಿ.

ಇವತ್ತು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಇದೇ ಗಣಿತವನ್ನು 'ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್' ಎಂಬ ವಿಷಯದಲ್ಲಿ ಎದುರಿಸುವುದು ಸಾಮಾನ್ಯವಾಗಿ ಎರಡನೇ ವರ್ಷದಲ್ಲಿ. ಮೊದಲ ವಾರದಿಂದಲೇ ಬೋರ್ಡಿನ ತುಂಬ ಇಂಟಿಗ್ರಲ್‌ಗಳು. ಈ ಸೂತ್ರಗಳಲ್ಲಿ ಹೆಚ್ಚಿನವು ಯಾವುದೋ ಕೆಲಸ ಕೈಕೊಟ್ಟಾಗ, ಅದನ್ನು ಸರಿಮಾಡಲು ಹೊರಟವರ ಕೈಯಲ್ಲಿ ಹುಟ್ಟಿದವು. ಹುಟ್ಟಿದಾಗ ಅವುಗಳಲ್ಲಿ ಹಲವನ್ನು ಆ ಕಾಲದ ಪಂಡಿತರು ಅನುಮಾನದಿಂದಲೇ ಕಂಡರು. ಪಠ್ಯಕ್ರಮದಲ್ಲಿ ಉತ್ತರ ಉಳಿದು ಪ್ರಶ್ನೆ ಬಿಟ್ಟುಹೋಗಿದೆ. ವಿಷಯ ಕಬ್ಬಿಣದ ಕಡಲೆಯಾಗಿರುವುದಕ್ಕೆ ಗಣಿತಕ್ಕಿಂತ ಇದೇ ದೊಡ್ಡ ಕಾರಣ.

ಥಾಮ್ಸನ್ ಓದಿದ ಪುಸ್ತಕ ಜೋಸೆಫ್ ಫೂರಿಯರ್ 1822ರಲ್ಲಿ ಪ್ರಕಟಿಸಿದ ಶಾಖದ ಸಿದ್ಧಾಂತ. ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿಬಂದು, ಗ್ರೆನೋಬಲ್‌ನಲ್ಲಿ ಜಿಲ್ಲಾಡಳಿತ ನೋಡಿಕೊಳ್ಳುತ್ತಲೇ ಶಾಖದ ಪ್ರಯೋಗ ಮಾಡುತ್ತಿದ್ದ ಫೂರಿಯರ್, 1807ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರ ಮುಂದೆ ಒಂದು ದಿಟ್ಟ ಮಾತು ಇಟ್ಟಿದ್ದರು: ಎಂಥ ಅಂಕುಡೊಂಕಿನ ರೇಖೆಯನ್ನೂ ಬೇರೆಬೇರೆ ಆವರ್ತನಗಳ ಸೈನ್ ಮತ್ತು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು. ಲಗ್ರಾಂಜ್ ಒಪ್ಪಲಿಲ್ಲ. ನುಣುಪಾದ ಅಲೆಗಳನ್ನು ಎಷ್ಟು ಕೂಡಿಸಿದರೂ ಥಟ್ಟನೆ ಜಿಗಿಯುವ ರೇಖೆ ಹೇಗೆ ಬಂದೀತು? ಆಕ್ಷೇಪ ಪೊಳ್ಳಾಗಿರಲಿಲ್ಲ, ಆ ಜಿಗಿತದ ಬಳಿ ಮೊತ್ತ ಸ್ವಲ್ಪ ಹೆಚ್ಚೇ ಏರಿಬಿಡುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಾಯಿತು. ಪುಸ್ತಕ ಹೊರಬರಲು ಮಾತ್ರ 15 ವರ್ಷ ಬೇಕಾಯಿತು.

ಸೈನ್ ಅಲೆಯೇ ಏಕೆ? ಇದಕ್ಕೆ ವಿಜಯಪುರದ ಗೋಲಗುಂಬಜಿನೊಳಗೆ ನಿಂತು ಉತ್ತರ ಹುಡುಕಬಹುದು. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ, ಕುಗ್ಗುತ್ತ ಮರುದನಿಸುತ್ತದೆ. ಇಲ್ಲಿ ಚಪ್ಪಾಳೆ ಸಿಗ್ನಲ್, ಗುಂಬಜು ಸಿಸ್ಟಮ್. ಎರಡರಷ್ಟು ಜೋರಾಗಿ ತಟ್ಟಿದರೆ ಮರುದನಿಯೂ ಎರಡರಷ್ಟು ಜೋರು. ಇಬ್ಬರು ತಟ್ಟಿದರೆ ಇಬ್ಬರ ಮರುದನಿಗಳೂ ಕೂಡಿಕೊಳ್ಳುತ್ತವೆ. ಈ ಗುಣವೇ ರೇಖೀಯತೆ. ಇವತ್ತು ತಟ್ಟಿದರೂ ನಾಳೆ ತಟ್ಟಿದರೂ ಮರುದನಿಯ ರೀತಿ ಬದಲಾಗುವುದಿಲ್ಲ. ಇದು ಕಾಲದೊಂದಿಗೆ ಬದಲಾಗದಿರುವ ಗುಣ. ಈ ಎರಡು ಗುಣಗಳಿದ್ದರೆ ಒಂದೇ ಚಪ್ಪಾಳೆಯ ಮರುದನಿಯನ್ನು ದಾಖಲಿಸಿಕೊಂಡರೂ ಸಾಕು, ಅದೇ ಜಾಗದಲ್ಲಿ ಯಾರು ಏನು ಹಾಡಿದರೂ ಹೇಗೆ ಕೇಳಿಸುತ್ತದೆಂದು ಲೆಕ್ಕದಿಂದಲೇ ಹೇಳಬಹುದು. ಹಾಡನ್ನು ಸಾವಿರಾರು ಪುಟ್ಟ ಚಪ್ಪಾಳೆಗಳಾಗಿ ಒಡೆದು, ಪ್ರತಿಯೊಂದರ ಮರುದನಿಯನ್ನು ಅದರದರ ಹೊತ್ತಿಗೆ ಸರಿಸಿ, ಎಲ್ಲವನ್ನೂ ಕೂಡಿಸುವುದು. ವಿದ್ಯಾರ್ಥಿಗಳನ್ನು ಹೆದರಿಸುವ ಕನ್ವಲ್ಯೂಷನ್ ಎಂದರೆ ಇಷ್ಟೇ. ರೆಕಾರ್ಡಿಂಗ್ ಸ್ಟುಡಿಯೊಗಳು ದೊಡ್ಡ ಸಭಾಂಗಣದ ಅನುರಣನವನ್ನು ಕಂಪ್ಯೂಟರಿನಲ್ಲಿ ಸೇರಿಸುವುದೂ ಹೀಗೆಯೇ.

ಅದೇ ಗುಂಬಜಿನೊಳಗೆ ಒಂದೇ ಶ್ರುತಿಯ ಶುದ್ಧ ಸ್ವರವನ್ನು ಬಿಡದೆ ಹಿಡಿದರೆ ಅದೇ ಶ್ರುತಿ ಕೇಳಿಸುತ್ತದೆ. ಬದಲಾಗುವುದು ಅದರ ಜೋರು ಮತ್ತು ಅದು ಹಿಂದೆಬೀಳುವ ಪ್ರಮಾಣ ಮಾತ್ರ. ಬೇರೆ ಯಾವ ಆಕಾರದ ಅಲೆಗೂ ಇಂಥ ಎಲ್ಲ ವ್ಯವಸ್ಥೆಗಳಿಂದ ಹೀಗೆ ಆಕಾರ ಕೆಡದೆ ಹೊರಬರುವ ಭಾಗ್ಯವಿಲ್ಲ. ಹಾಗಾಗಿ ಸಿಗ್ನಲನ್ನು ಸೈನ್ ಅಲೆಗಳಾಗಿ ಬಿಡಿಸಿದರೆ ಕನ್ವಲ್ಯೂಷನ್ನಿನ ದೊಡ್ಡ ಲೆಕ್ಕ ಬರೀ ಗುಣಾಕಾರಕ್ಕೆ ಇಳಿಯುತ್ತದೆ.

ಅಲೆಗಳನ್ನು ಕೂಡಿಸುವ ಈ ಉಪಾಯವನ್ನು ಥಾಮ್ಸನ್ ಹಿತ್ತಾಳೆಯಲ್ಲಿ ಕಟ್ಟಿ ತೋರಿಸಿದರು. 1872-73ರಲ್ಲಿ ತಯಾರಾದ ಅವರ ಉಬ್ಬರವಿಳಿತ ಯಂತ್ರದಲ್ಲಿ ಸೂರ್ಯಚಂದ್ರರ ಸೆಳೆತದ ಒಂದೊಂದು ಆವರ್ತನಕ್ಕೂ ಒಂದೊಂದು ರಾಟೆ. ಎಲ್ಲದರ ಮೇಲೆ ಹಾದ ಒಂದೇ ತಂತಿ ಅವುಗಳ ಚಲನೆಯನ್ನು ಕೂಡಿಸಿ ಕಾಗದದ ಮೇಲೆ ಸಮುದ್ರದ ಮುಂದಿನ ಮಟ್ಟವನ್ನು ಬರೆಯುತ್ತಿತ್ತು. ಭಾರತದ ಬಂದರುಗಳಿಗೆಂದೇ ಇಂಥ ಯಂತ್ರವೊಂದು 1879ರಲ್ಲಿ ಎಡ್ವರ್ಡ್ ರಾಬರ್ಟ್ಸ್ ಉಸ್ತುವಾರಿಯಲ್ಲಿ ಸಿದ್ಧವಾಯಿತು.

ತಂತಿಯ ಪ್ರಶ್ನೆಯನ್ನು ಮುಂದೆ ಕೈಗೆತ್ತಿಕೊಂಡ, ಕಾಲೇಜು ಮೆಟ್ಟಿಲು ಹತ್ತದ ಆಲಿವರ್ ಹೆವಿಸೈಡ್ 24ನೇ ವಯಸ್ಸಿಗೇ ತಂತಿ ಕಚೇರಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತು ಲೆಕ್ಕ ಮಾಡಿದವರು. ಸ್ವಿಚ್ ಒತ್ತಿದ ಕ್ಷಣದಿಂದ ಸೊನ್ನೆ ಒಂದಾಗುವ 'ಸ್ಟೆಪ್' ಸಿಗ್ನಲ್ ಇಂದಿಗೂ ಅವರ ಹೆಸರಿನಲ್ಲೇ ಇದೆ. ಕಲನದ ಸಮೀಕರಣಗಳನ್ನು ಸಾದಾ ಬೀಜಗಣಿತದಂತೆ ಬಿಡಿಸುವ ಅವರ ವಿಧಾನಕ್ಕೆ ಪುರಾವೆ ಸಾಲದೆಂದು 1894ರಲ್ಲಿ ರಾಯಲ್ ಸೊಸೈಟಿ ಅವರ ಲೇಖನವನ್ನು ತಿರಸ್ಕರಿಸಿತು. ಆ ವಿಧಾನದಿಂದ ಬಂದ ಉತ್ತರಗಳು ಸರಿಯಾಗಿದ್ದವು. ತಂತಿಗೆ ಇಂಡಕ್ಟೆನ್ಸ್ ಸೇರಿಸಿದರೆ ಧ್ವನಿ ಕೆಡುವುದಿಲ್ಲವೆಂದು ಅವರು 1887ರಲ್ಲೇ ತೋರಿಸಿದ್ದರು. 1900ರ ನಂತರ ದೂರದ ಟೆಲಿಫೋನ್ ತಂತಿಗಳಲ್ಲಿ ಇಂಡಕ್ಟೆನ್ಸ್ ಕೊಡುವ ಸುರುಳಿಗಳು ಕೂತದ್ದು ಅದರಿಂದಲೇ. ಪುರಾವೆಯ ಕೊರತೆಯನ್ನು ಗಣಿತಜ್ಞರು ಆಮೇಲೆ ತುಂಬಿದರು. ಭೌತವಿಜ್ಞಾನಿ ಡಿರಾಕ್ ಬಳಸಿದ, ಅಗಲವೇ ಇಲ್ಲದ ಆದರೆ ಮೊತ್ತ ಒಂದಾಗಿರುವ ಇಂಪಲ್ಸ್‌ಗೂ ಭದ್ರ ನೆಲೆ ಸಿಕ್ಕಿದ್ದು 1940ರ ದಶಕದಲ್ಲಿ, ಲೊರಾಂ ಶ್ವಾರ್ಟ್ಸ್ ಅವರಿಂದ.

ಇಪ್ಪತ್ತನೇ ಶತಮಾನದಲ್ಲಿ ಕೆಲಸ ಅಮೆರಿಕದ ಬೆಲ್ ಲ್ಯಾಬ್ಸ್‌ಗೆ ಸರಿಯಿತು. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಹೆರಾಲ್ಡ್ ಬ್ಲ್ಯಾಕ್ ಕೈಯಲ್ಲಿದ್ದ ದಿನಪತ್ರಿಕೆಯ ಮೇಲೆಯೇ ಋಣಾತ್ಮಕ ಫೀಡ್‌ಬ್ಯಾಕಿನ ಚಿತ್ರ ಬರೆದರು: ಆಂಪ್ಲಿಫೈಯರಿನ ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ನಿಂದ ಕಳೆದರೆ ವಿಕೃತಿ ತಗ್ಗುತ್ತದೆ. ಅದೇ ಆಂಪ್ಲಿಫೈಯರ್ ಕೆಲವೊಮ್ಮೆ ತಾನಾಗಿಯೇ ಕೂಗತೊಡಗುವುದೇಕೆಂದು ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಬಿಡಿಸಿಟ್ಟರು. ಅವರ 1928ರ ಲೇಖನ, ಸೋವಿಯತ್ ಒಕ್ಕೂಟದ ಕೊಟೆಲ್ನಿಕೋವ್ ಅವರ 1933ರ ಲೇಖನ ಮತ್ತು ಕ್ಲಾಡ್ ಶಾನನ್ ಅವರ 1949ರ ಲೇಖನ ಸೇರಿ ಸ್ಯಾಂಪ್ಲಿಂಗ್ ನಿಯಮ ರೂಪುಗೊಂಡಿತು. ಸಿಗ್ನಲಿನಲ್ಲಿರುವ ಗರಿಷ್ಠ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ನಡುವಿನದೆಲ್ಲವನ್ನೂ ಮರಳಿ ಪಡೆಯಬಹುದು. ಕಡಿಮೆ ಅಳೆದರೆ ಇಲ್ಲದ ಆವರ್ತನ ಕಾಣಿಸಿಕೊಳ್ಳುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ಉರುಳುವುದು ಅದಕ್ಕೇ. ಟೆಲಿಫೋನ್ ಧ್ವನಿಯನ್ನು 4,000 ಹರ್ಟ್ಸ್‌ನೊಳಗೆ ಕಟ್ಟಿಹಾಕಿ ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. ಪ್ರತಿ ಅಳತೆಗೆ 8 ಬಿಟ್‌ನಂತೆ ಸೆಕೆಂಡಿಗೆ 64,000 ಬಿಟ್. ಸಿಡಿಯಲ್ಲಿ ಈ ಅಳತೆ 44,100 ಸಲ.

ಸಿಗ್ನಲ್ ಹೀಗೆ ಅಂಕೆಗಳ ಸಾಲಾದ ಮೇಲೆ ಅದಕ್ಕೆ ತಕ್ಕ ಗಣಿತವೂ ಬಂತು. ಕೊಲಂಬಿಯಾ ವಿಶ್ವವಿದ್ಯಾಲಯದ ರಗಾಝಿನಿ ಮತ್ತು ಲುತ್ಫಿ ಝಾದೆ ಅಂಕೆಗಳ ಸಾಲಿನ ಲೆಕ್ಕವನ್ನು ಬೀಜಗಣಿತಕ್ಕೆ ಇಳಿಸುವ ಝಡ್-ಟ್ರಾನ್ಸ್‌ಫಾರ್ಮ್ ಅನ್ನು 1952ರಲ್ಲಿ ಬಳಕೆಗೆ ತಂದರು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಎಫ್‌ಎಫ್‌ಟಿ, ಅಂದರೆ ಫೂರಿಯರ್ ಲೆಕ್ಕವನ್ನು ಚುರುಕಾಗಿ ಮಾಡುವ ವಿಧಾನ, ಬೇರೆಯೇ ಮಟ್ಟದ ಜಿಗಿತ. ಭೂಗರ್ಭದ ಅಣುಪರೀಕ್ಷೆಗಳನ್ನು ಭೂಕಂಪ ದಾಖಲೆಗಳಲ್ಲಿ ಗುರುತಿಸಬೇಕೆಂಬ ಶೀತಲ ಸಮರದ ತುರ್ತು ಅದರ ಹಿಂದಿತ್ತು. 1,024 ಅಳತೆಗಳ ಫೂರಿಯರ್ ಲೆಕ್ಕಕ್ಕೆ ನೇರ ದಾರಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗುಣಾಕಾರ ಬೇಕು; ಹೊಸ ದಾರಿಯಲ್ಲಿ ಹತ್ತು ಸಾವಿರದ ಆಸುಪಾಸು. ಕ್ಷುದ್ರಗ್ರಹಗಳ ಲೆಕ್ಕಕ್ಕಾಗಿ ಗೌಸ್ 1805ರ ಸುಮಾರಿಗೇ ಇದೇ ಉಪಾಯ ಹೂಡಿದ್ದರೆಂದು ಆಮೇಲೆ ಗೊತ್ತಾಯಿತು. ಇಷ್ಟೆಲ್ಲ ಕೂಡಿಬಂದ ಮೇಲೆಯೇ ಪಠ್ಯ ಗಟ್ಟಿಯಾದದ್ದು. ಎಂಐಟಿಯ ಒಪನ್‌ಹೈಮ್ ಮತ್ತು ವಿಲ್ಸ್ಕಿ ಅವರ 'ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್' ಬಂದದ್ದು 1983ರಲ್ಲಿ.

ಈ ಕಥೆಯಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ, ಅದನ್ನು ಇಲ್ಲಿನ ತರಗತಿಗಳಲ್ಲಿ ಹೇಳಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1957ರಿಂದ 1960ರವರೆಗೆ ಪಾಠ ಮಾಡಿದ ಬಿಷ್ಣು ಅಟಲ್ ಬೆಲ್ ಲ್ಯಾಬ್ಸ್‌ಗೆ ಹೋಗಿ, ಮಾತಿನ ಮುಂದಿನ ಅಳತೆಯನ್ನು ಹಿಂದಿನವುಗಳಿಂದ ಊಹಿಸುವ ವಿಧಾನವನ್ನು ಬೆಳೆಸಿದರು. ಮೊಬೈಲ್ ಕರೆಯ ಧ್ವನಿ ಕಿರಿದಾಗುವುದು ಅದೇ ಪರಂಪರೆಯ ವಿಧಾನಗಳಿಂದ. ಮೈಸೂರು ವಿಶ್ವವಿದ್ಯಾಲಯದ ಪದವೀಧರರಾಗಿ, ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮುಗಿಸಿದ ನುಗ್ಗೇಹಳ್ಳಿ ಎಸ್. ಜಯಂತ್ ಕೂಡ ಬೆಲ್ ಲ್ಯಾಬ್ಸ್‌ನಲ್ಲಿಯೇ ಧ್ವನಿ ಸಂಕೇತನದ ದೊಡ್ಡ ಹೆಸರಾದರು.

ಇನ್ನೊಬ್ಬರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ (ಯುವಿಸಿಇ) ಓದಿ ಅಮೆರಿಕಕ್ಕೆ ಹೋದವರು. ಕೊಸೈನ್ ಅಲೆಗಳನ್ನಷ್ಟೇ ಬಳಸುವ ಒಂದು ಟ್ರಾನ್ಸ್‌ಫಾರ್ಮ್ ಕುರಿತು ಅವರು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಪ್ರಸ್ತಾವ ಕಳಿಸಿದರು. ಪರಿಶೀಲಕರೊಬ್ಬರಿಗೆ ಅದು ತೀರಾ ಸರಳವೆನಿಸಿತು, ಅನುದಾನ ಬರಲಿಲ್ಲ. ಆದರೂ ಅಹ್ಮದ್ ಬಿಡಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಬರೆದ ನಾಲ್ಕು ಪುಟದ ಲೇಖನ 1974ರ ಜನವರಿಯಲ್ಲಿ ಪ್ರಕಟವಾಯಿತು.

ಆ ಕೊಸೈನ್ ಟ್ರಾನ್ಸ್‌ಫಾರ್ಮ್ ಮಾಡುವ ಕೆಲಸವನ್ನು ಒಂದು ಫೋಟೊದಲ್ಲಿ ನೋಡಬಹುದು. ಮುಖದ ಕೆನ್ನೆಯ ಭಾಗದಿಂದ ಉದ್ದ 8, ಅಗಲ 8 ಚುಕ್ಕಿಗಳ ಚೌಕ ತೆಗೆದುಕೊಂಡರೆ 64 ಹೊಳಪಿನ ಸಂಖ್ಯೆಗಳು ಸಿಗುತ್ತವೆ. ಎಡ ಅಂಚು ತುಸು ಬೆಳಕು, ಬಲ ಅಂಚು ತುಸು ನೆರಳು. ಮಾಮೂಲಿ ಫೂರಿಯರ್ ಲೆಕ್ಕ ಈ ಚೌಕವನ್ನು ಪಕ್ಕಪಕ್ಕದಲ್ಲಿ ಮರುಕಳಿಸುವಂತೆ ಭಾವಿಸುವುದರಿಂದ ಬಲದ ನೆರಳು ಮುಂದಿನ ಚೌಕದ ಬೆಳಕಿಗೆ ತಾಗಿ, ಲಗ್ರಾಂಜ್‌ರನ್ನು ಕಾಡಿದ್ದ ಅದೇ ಜಿಗಿತ ಹುಟ್ಟುತ್ತದೆ. ಅದನ್ನು ತುಂಬಲು ಎತ್ತರದ ಆವರ್ತನಗಳು ಬೇಕಾಗುತ್ತವೆ. ಕೊಸೈನ್ ಲೆಕ್ಕ ಚೌಕವನ್ನು ಕನ್ನಡಿಯಲ್ಲಿ ತಿರುಗಿಸಿ ಜೋಡಿಸಿದಂತೆ ನಡೆಯುತ್ತದೆ. ನೆರಳು ನೆರಳಿಗೇ ತಾಗಿ ಜಿಗಿತ ಮಾಯವಾಗುತ್ತದೆ. ಹೊರಬರುವ 64 ಸಂಖ್ಯೆಗಳಲ್ಲಿ ಮೊದಲ ಕೆಲವೇ ದೊಡ್ಡವು; ಉಳಿದವುಗಳಲ್ಲಿ ಬಹುಪಾಲು ಸೊನ್ನೆಯ ಹತ್ತಿರ, ಅವನ್ನು ಬಿಟ್ಟುಬಿಟ್ಟರೂ ಕಣ್ಣಿಗೆ ಗೊತ್ತಾಗುವುದಿಲ್ಲ.

1992ರಲ್ಲಿ ಜಾರಿಗೆ ಬಂದ ಜೆಪೆಗ್ ಮಾನಕ ನಿಂತಿರುವುದು ಈ ಚೌಕದ ಮೇಲೆ. 2003ರ ಎಚ್.264 ವಿಡಿಯೊ ಮಾನಕದಲ್ಲಿ ಅದೇ ಲೆಕ್ಕ ಪೂರ್ಣಾಂಕಗಳ ರೂಪ ಪಡೆಯಿತು. 2020ರ ಎಚ್.266 ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೊಸೈನ್ ಜೊತೆಗೆ ಸೈನ್ ಆಧಾರಿತ ಟ್ರಾನ್ಸ್‌ಫಾರ್ಮ್‌ಗಳನ್ನೂ ಇಟ್ಟುಕೊಂಡು, ಚಿತ್ರದ ಒಂದೊಂದು ತುಂಡಿಗೂ ಹೊಂದುವುದನ್ನು ಆಯ್ದುಕೊಳ್ಳುವ ಅವಕಾಶ ಕೊಟ್ಟಿದೆ.