ಕೈಚೀಲ, ಕೊಸರು ಮತ್ತು ಕಾಲ್ನಡಿಗೆ

ಕಳೆದ ತಿಂಗಳು ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮಾತಿನ ನಡುವೆ, “ಮೇಷ್ಟ್ರೇ, ನಿಮ್ಮ ಕಾಲದಲ್ಲಿ ತಿನ್ನುವ ಪದಾರ್ಥವೆಲ್ಲ ಶುದ್ಧವಾಗಿತ್ತು, ಅಲ್ಲವೇ?” ಎಂದು ಕೇಳಿದ. ಹೌದು ಎಂದುಬಿಟ್ಟಿದ್ದರೆ ಅವನಿಗೂ ಸಂತೋಷ, ನನಗೂ ಹೆಮ್ಮೆ. ಆದರೆ ಮೂವತ್ತಾರು ವರ್ಷ ಪಾಠ ಹೇಳಿದ ನಾಲಿಗೆ ಅರ್ಧಸತ್ಯಕ್ಕೆ ಒಪ್ಪಲಿಲ್ಲ. ಅಂದು ಅವನಿಗೆ ಕೊಡಲಾಗದ ಉತ್ತರವನ್ನು ಇಲ್ಲಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ನನ್ನ ಬಾಲ್ಯ ಕಳೆದದ್ದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ. ಮೈಸೂರಿನ ಬಡಾವಣೆಗಳ ಇತಿಹಾಸ ನಿಮಗೆ ಗೊತ್ತಿರಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಪ್ಲೇಗು ಮಾರಿ, ಇಕ್ಕಟ್ಟಾದ ಕೇರಿಗಳಿಂದ ಜನರು ಹೊರಬರುವಂತೆ ಮಾಡಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಅಗಲವಾದ ರಸ್ತೆಗಳೂ ಗಾಳಿ ಬೆಳಕಿನ ಮನೆಗಳೂ ಬಂದವು. ಆದರೂ ಊರು ನಡಿಗೆಯ ಅಳತೆಯನ್ನು ಮೀರಿರಲಿಲ್ಲ. ನಮ್ಮ ಮನೆಯಿಂದ ಅಗ್ರಹಾರದ ವಾಣಿವಿಲಾಸ ಮಾರುಕಟ್ಟೆಗೆ ಕೆಲವೇ ನಿಮಿಷಗಳ ದಾರಿ. ದೇವರಾಜ ಮಾರುಕಟ್ಟೆಗೆ ಸುಮಾರು ಅರ್ಧ ಗಂಟೆಯ ನಡಿಗೆ. ತಿಂಗಳ ದಿನಸಿ ತರಲು ತಂದೆಯವರು ಸಂತೇಪೇಟೆಗೆ ಹೋಗುತ್ತಿದ್ದರು. ತರಕಾರಿ, ಸೊಪ್ಪು, ವೀಳ್ಯದೆಲೆ ದಿನದಿನವೂ ಬರಬೇಕು; ತಂದು ಇಟ್ಟುಕೊಳ್ಳಲು ಮನೆಯಲ್ಲಿ ಶೀತಲಪೆಟ್ಟಿಗೆ ಎಲ್ಲಿತ್ತು?

ಸಂಜೆ ತಂದೆಯವರ ಹಿಂದೆ ಎರಡು ಬಟ್ಟೆಯ ಕೈಚೀಲ ಹಿಡಿದು ನಡೆಯುವುದು ನನ್ನ ಪಾಲಿನ ಕೆಲಸ. ಒಂದು ತರಕಾರಿಗೆ, ಇನ್ನೊಂದು ಸೊಪ್ಪಿಗೆ. ಈರನಗೆರೆ ಬದನೆಯ ತೊಟ್ಟು ಹಸಿರಾಗಿದೆಯೇ, ಬೆಂಡೆಯ ತುದಿ ಚಟಕ್ಕನೆ ಮುರಿಯುತ್ತದೆಯೇ, ನಂಜನಗೂಡಿನ ರಸಬಾಳೆ ಹಣ್ಣಾದದ್ದೋ ಹೊಗೆ ಹಾಕಿ ಮಾಗಿಸಿದ್ದೋ ಎಂಬುದನ್ನೆಲ್ಲ ನಾನು ಕಲಿತದ್ದು ಆ ನಡಿಗೆಯಲ್ಲಿ. ವ್ಯಾಪಾರ ಮುಗಿದ ಮೇಲೆ ಕೊನೆಯದೊಂದು ಕಲಾಪವಿತ್ತು: ಕೊಸರು. ನಾಲ್ಕು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು, ಒಂದು ಚಿಟಿಕೆ ಕೊತ್ತಂಬರಿ. ಅದನ್ನು ಕೇಳುವುದು ಕೊಳ್ಳುವವನ ಹಕ್ಕು, ಗೊಣಗುತ್ತ ಕೊಡುವುದು ಮಾರುವವರ ಧರ್ಮ. ಸೊಪ್ಪು ಮಾರುವ ಅಜ್ಜಿಯೊಬ್ಬಳು, “ತಗೊಳ್ಳಿ ಸ್ವಾಮಿ, ಮಗ ಚೀಲ ಹೊತ್ಕೊಂಡು ಬಂದವ್ನೆ” ಎಂದು ನನ್ನ ಮುಖ ನೋಡಿ ಕೊಸರನ್ನು ಹೆಚ್ಚಿಸುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇಲ್ಲಿಗೇ ನಿಲ್ಲಿಸಿದರೆ ಅದು ಹಳೆಯ ಕಾಲದ ಹಾಡಾದೀತು, ಇತಿಹಾಸವಾಗದು. ಅದೇ ಕಾಲದಲ್ಲಿ ಅಕ್ಕಿಯಲ್ಲಿ ಕಲ್ಲಿತ್ತು, ಮೆಣಸಿನಲ್ಲಿ ಪರಂಗಿ ಬೀಜವಿತ್ತು, ಹಾಲಿನಲ್ಲಿ ನೀರಿತ್ತು. ಅಮ್ಮನ ಮಧ್ಯಾಹ್ನಗಳು ಮೊರದ ಮುಂದೆ ಕಲ್ಲು ಆರಿಸುವುದರಲ್ಲೇ ಕಳೆಯುತ್ತಿದ್ದವು. ಅಳತೆಯ ಅವಾಂತರವಂತೂ ಹೇಳತೀರದು. ಪಾವು, ಅಚ್ಚೇರು, ಸೇರು, ಕೊಳಗ, ಖಂಡುಗ ಎಂಬವು ಅಳೆಯುವ ಮಾನಗಳು. ತೊಲ, ಸೇರು, ಮಣ ಎಂಬವು ತೂಗುವ ಮಾನಗಳು. ತೂಕದ ಸೇರೇ ಎರಡು ಬಗೆ: ಕಚ್ಚಾ ಸೇರಿಗೆ 24 ತೊಲ, ಪಕ್ಕಾ ಸೇರಿಗೆ 80 ತೊಲ. ಇಂದಿನ ಲೆಕ್ಕದಲ್ಲಿ ಮೊದಲನೆಯದು ಸುಮಾರು 280 ಗ್ರಾಂ, ಎರಡನೆಯದು ಸುಮಾರು 933 ಗ್ರಾಂ. ಹೆಸರೊಂದು, ತೂಕ ಎರಡು! ಹಳ್ಳಿಯಿಂದ ಬಂದವನು ಎಲ್ಲಿ ಮೋಸಹೋದನೆಂದು ಅವನಿಗೇ ತಿಳಿಯುತ್ತಿರಲಿಲ್ಲ. “ಕೊಸರು ಕೊಡುವ ಕೈ ನೋಡಬೇಡ, ತಕ್ಕಡಿಯ ಮುಳ್ಳು ನೋಡು” ಎಂದು ತಂದೆಯವರು ಎಚ್ಚರಿಸುತ್ತಿದ್ದರು.

ಈ ಗೊಂದಲವನ್ನು ಬಿಡಿಸಿದ್ದು ಕಾನೂನು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಮರುವರ್ಷ, 1958ರ ಅಕ್ಟೋಬರಿನಿಂದ, ಕಿಲೋಗ್ರಾಂ ಹಂತಹಂತವಾಗಿ ಜಾರಿಗೆ ಬಂತು. ಆಗ ನಾನು ಪ್ರೌಢಶಾಲೆಯ ಹುಡುಗ. ಸೇರನ್ನು ಗ್ರಾಮಿಗೆ ಪರಿವರ್ತಿಸುವ ಲೆಕ್ಕಗಳನ್ನು ಶಾಲೆಯಲ್ಲಿ ಮಾಡಿ, ಸಂಜೆ ಅಂಗಡಿಯಲ್ಲಿ ಹಿರಿಯರಿಗೆ ವಿವರಿಸುತ್ತಿದ್ದೆವು. ಕಲಬೆರಕೆ ತಡೆ ಕಾಯ್ದೆ 1954ರಲ್ಲೇ ಬಂದಿತ್ತು; ಅದರ ಜಾಗದಲ್ಲಿ ಈಗ ಇರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಪೊಟ್ಟಣದ ಮೇಲೆ ನಿವ್ವಳ ತೂಕ, ತಯಾರಿಕೆಯ ತಿಂಗಳು ಮುಂತಾದವನ್ನು ಮುದ್ರಿಸಬೇಕೆಂಬ ನಿಯಮ 1977ರದು. ಇವೆಲ್ಲ ಸಣ್ಣ ಸಾಧನೆಗಳಲ್ಲ.

ನನ್ನ ತರಗತಿಯಲ್ಲಿ ಕುಳಿತವರಿಗೆ ಕಾಫಿಪುಡಿಯ ಪ್ರಯೋಗ ನೆನಪಿರಬಹುದು. ಗಾಜಿನ ಲೋಟದ ತಣ್ಣೀರಿನ ಮೇಲೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ; ಚಿಕೋರಿ ಕಂದು ಗೆರೆ ಎಳೆಯುತ್ತ ತಳ ಸೇರುತ್ತದೆ. ಚಿಕೋರಿ ಬೆರೆಸುವುದೇ ಅಪರಾಧವಲ್ಲ. ಹೇಳದೆ ಬೆರೆಸುವುದು ಅಪರಾಧ ಎಂದು ಅಂದು ಹೇಳುತ್ತಿದ್ದೆ. ನಮ್ಮ ಊರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಎದುರಿನ ರಸ್ತೆಯಲ್ಲಿ ನಿಮ್ಮನ್ನು ಸಾಲಾಗಿ ನಡೆಸಿಕೊಂಡು ಹೋದದ್ದೂ ನೆನಪಿರಬಹುದು.

ಹಾಗಾದರೆ ಕಳೆದುಕೊಂಡದ್ದೇನು? ಅದನ್ನು ನನ್ನದೇ ತಪ್ಪಿನಿಂದ ಹೇಳಬೇಕು. ವರ್ಷಗಟ್ಟಲೆ ಕಾದು 1979ರಲ್ಲಿ ಸ್ಕೂಟರ್ ಕೊಂಡೆ. 1984ರಲ್ಲಿ ಕುವೆಂಪುನಗರದಲ್ಲಿ ಮನೆ ಕಟ್ಟಿದೆ. ಮಾರುಕಟ್ಟೆ ದೂರವಾಯಿತು, ಶೀತಲಪೆಟ್ಟಿಗೆ ಬಂತು, ದಿನದ ವ್ಯಾಪಾರ ವಾರಕ್ಕೊಮ್ಮೆಯಾಯಿತು. ಸ್ಕೂಟರಿನಲ್ಲಿ ಹೋಗುವವನು ನಿಲ್ಲಿಸಲು ಜಾಗವಿರುವ ಕಡೆ ಕೊಳ್ಳುತ್ತಾನೆ. ಒಳ್ಳೆಯ ಪದಾರ್ಥವಿರುವ ಕಡೆ ಅಲ್ಲ. ಅಜ್ಜಿ ಕೂರುತ್ತಿದ್ದ ಸಾಲಿನತ್ತ ನಾನು ಸುಳಿಯಲೇ ಇಲ್ಲ. ಎಷ್ಟೋ ವರ್ಷಗಳ ಮೇಲೆ ಹೋದಾಗ ಆ ಜಾಗದಲ್ಲಿ ಬೇರೆ ಯಾರೋ ಇದ್ದರು. ವಿಚಾರಿಸಲು ಅವಳ ಹೆಸರೂ ನನಗೆ ತಿಳಿದಿರಲಿಲ್ಲ.

1998ರಲ್ಲಿ ಮಗ ಕಾರು ಕೊಂಡ. ತಿಂಗಳಿಗೊಮ್ಮೆ ಹೋಗಿ ಡಿಕ್ಕಿ ತುಂಬ ಸಾಮಾನು ತರುವುದು ಮನೆಯ ಸಂಭ್ರಮವಾಯಿತು. ಅಗ್ಗವೆಂದು ಹತ್ತು ಕಿಲೋ ತೊಗರಿಬೇಳೆ ತಂದೆವು. ಮಳೆಗಾಲದಲ್ಲಿ ಡಬ್ಬಿ ತೆಗೆದರೆ ಅರ್ಧಕ್ಕರ್ಧ ಹುಳು. ಹೊರಗೆ ಸುರಿಯಲು ಹೊರಟಾಗ ಜಗಲಿಯಲ್ಲಿ ಕುಳಿತಿದ್ದ ಅಮ್ಮ ನನ್ನ ಕೈ ಹಿಡಿದಳು. ಯುದ್ಧಕಾಲದ ರೇಷನ್ ಕಂಡವಳು ಅವಳು. 1965-66ರ ಬರದಲ್ಲಿ ಹಡಗಿನಲ್ಲಿ ಬಂದ ಅಮೆರಿಕದ ಗೋಧಿಗೆ ಸಾಲು ನಿಂತವಳು. ಶಾಸ್ತ್ರಿಗಳ ಕರೆಗೆ ಓಗೊಟ್ಟು ವಾರಕ್ಕೊಂದು ಹೊತ್ತು ಊಟ ಬಿಟ್ಟವಳು. “ನಡೆದು ಹೋಗಿದ್ರೆ ಇಷ್ಟು ಹೊರೋಕಾಗ್ತಿತ್ತೇನೋ? ಕೈಗೆ ಭಾರ ಗೊತ್ತಾಗಿದ್ರೆ ಸಾಕು ಅಂತ ಅನ್ನಿಸ್ತಿತ್ತು” ಎಂದಳು. ಮೊರ ತರಿಸಿ, ಕಣ್ಣು ಸರಿಯಾಗಿ ಕಾಣದಿದ್ದರೂ, ಆರಿಸಲು ಕುಳಿತಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಆ ವಯಸ್ಸಿನಲ್ಲಿ ನನಗೆ ಪಾಠವಾದದ್ದು ಹಾಗೆ.

ಅಮ್ಮನ ಮಾತಿನಲ್ಲಿ ಒಂದು ಅರ್ಥಶಾಸ್ತ್ರವೇ ಇದೆ. ನಡೆಯುವವನ ವ್ಯಾಪಾರಕ್ಕೆ ಅವನ ತೋಳಿನ ಶಕ್ತಿಯೇ ಮಿತಿ. ಆದ್ದರಿಂದ ಕಡಿಮೆ ಕೊಳ್ಳುತ್ತಾನೆ, ಮತ್ತೆ ಮತ್ತೆ ಕೊಳ್ಳುತ್ತಾನೆ, ತಾಜಾ ತಿನ್ನುತ್ತಾನೆ. ನಾಳೆಯೂ ಬರುವ ಗಿರಾಕಿಗೆ ಮೋಸ ಮಾಡಲು ಅಂಗಡಿಯವನೂ ಹಿಂಜರಿಯುತ್ತಾನೆ. ಕಾನೂನು ಪೊಟ್ಟಣದ ತೂಕವನ್ನು ಕಾಯಬಲ್ಲದು. ಇಂದಿನ ಸೊಪ್ಪು ಇಂದಿನದೇ ಎಂಬುದನ್ನು ಕಾಯುವುದು ಪರಿಚಯ. ನಮ್ಮ ತಲೆಮಾರಿಗೆ ಮೊದಲನೆಯದು ದೊರಕಿತು. ಎರಡನೆಯದನ್ನು ನಾವೇ ಕೈಬಿಟ್ಟೆವು. ಎರಡೂ ಒಟ್ಟಿಗೆ ಇರಲಾರವೆಂದೇನಿಲ್ಲ. ಡಾ. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಹಾಪ್‌ಕಾಮ್ಸ್ ಆಗಿ ಬೆಳೆದ ಸಂಸ್ಥೆ ಇದಕ್ಕೆ ಸಾಕ್ಷಿ: ಸರಿಯಾದ ತೂಕ, ಬರೆದ ಬೆಲೆ, ಬೀದಿಯ ತಿರುವಿನಲ್ಲೇ ಮಳಿಗೆ.

2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಸುದ್ದಿ ಓದಿದಾಗ ಬಹಳ ಸಂಕಟಪಟ್ಟೆ. ಆಮೇಲೆ ನನ್ನನ್ನೇ ಕೇಳಿಕೊಂಡೆ: ಅಲ್ಲಿಗೆ ಕೊನೆಯ ಬಾರಿ ಚೀಲ ಹಿಡಿದು ಹೋದದ್ದು ಯಾವಾಗ? ಉತ್ತರ ಹೊಳೆಯಲಿಲ್ಲ. ಮಾರುಕಟ್ಟೆಗಳು ಶಿಥಿಲವಾಗುವುದು ಮಳೆಯಿಂದ ಮಾತ್ರವಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಕಾರು ಮನೆಯಲ್ಲೇ ನಿಂತಿತು. ಹಳೆಯ ಕೈಚೀಲ ಹುಡುಕಿ, ಮುಖಕ್ಕೆ ಬಟ್ಟೆ ಕಟ್ಟಿ, ಬೀದಿಯ ಕೊನೆಯ ಪುಟ್ಟ ಅಂಗಡಿಗೆ ನಡೆದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆ ಬೀದಿಯಲ್ಲಿದ್ದೂ ಆ ಅಂಗಡಿಯವನನ್ನು ನಾನು ಮಾತನಾಡಿಸಿರಲಿಲ್ಲ. ಆ ನಡಿಗೆಯನ್ನು ಇಂದಿನವರೆಗೂ ಬಿಟ್ಟಿಲ್ಲ. ಹೋಗಿಬರಲು ಇಪ್ಪತ್ತೈದು ನಿಮಿಷ. ವಾರಕ್ಕೆ ನೂರೈವತ್ತು ನಿಮಿಷವಾದರೂ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರು ದಿನದ ಸೊಪ್ಪು ತರಕಾರಿಯಲ್ಲೇ ಅಷ್ಟು ಹೊತ್ತಿನ ನಡಿಗೆ ಆಗುತ್ತದೆ. ಮಂಡಿನೋವಿರುವ ನನ್ನ ನಡಿಗೆಯನ್ನು ಚುರುಕು ಎನ್ನಬಹುದೇ ಎಂಬುದು ಬೇರೆ ಪ್ರಶ್ನೆ.

ಮೊನ್ನೆ ದಂಟಿನ ಸೊಪ್ಪಿಗೆ ಕೈ ಹಾಕಿದೆ. ಅಂಗಡಿಯವನು ಮೆಲ್ಲಗೆ, “ಅದು ಬೇಡ ಮೇಷ್ಟ್ರೇ, ನಿನ್ನೇದು. ನಾಳೆ ಬನ್ನಿ, ಹೊಸದು ತೆಗೆದಿಟ್ಟಿರ್ತೀನಿ” ಎಂದ. ಖಾಲಿ ಚೀಲದೊಡನೆ ಹಿಂದಿರುಗಿದೆ. ಅದಕ್ಕಿಂತ ದೊಡ್ಡ ಕೊಸರು ನನಗೆ ಯಾವ ಮಾರುಕಟ್ಟೆಯಲ್ಲೂ ಸಿಕ್ಕಿದ್ದಿಲ್ಲ. ಈ ಸಲ ಅವನ ಹೆಸರನ್ನು ಕೇಳಿ ತಿಳಿದುಕೊಂಡಿದ್ದೇನೆ.